ವೈದ್ಯ ವಿದ್ಯಾರ್ಥಿಯೂ ಮನೋವೈದ್ಯವೂ: ಒಲವು ಮತ್ತು ಹಿಂಜರಿಕೆಗಳ ಚಾರಿತ್ರಿಕ ವಿವೇಚನೆ

ವೈದ್ಯಕೀಯ ಪದವಿಯನ್ನು ಪಡೆದ ತರುಣನಾಗಲಿ ತರುಣಿಯಾಗಲಿ ಮುಂದಿನ ವ್ಯಾಸಂಗಕ್ಕೆ ಯಾವ ಶಾಖೆಯನ್ನು ಆರಿಸಿಕೊಳ್ಳಬೇಕೆಂಬುದು ಮೇಲುನೋಟಕ್ಕೆ ಕೇವಲ ವೈಯಕ್ತಿಕವಾದ ಪ್ರಶ್ನೆ. ಅದರಲ್ಲಿ ಚರಿತ್ರೆಯ ಅಧ್ಯಾಪಕರಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಸಾವಿರಾರು ಮಂದಿ, ಪರಸ್ಪರ ಪರಿಚಯವಿಲ್ಲದವರು, ತಲೆಮಾರಿನಿಂದ ತಲೆಮಾರಿಗೆ ಒಂದೇ ಶಾಖೆಯ ಬಾಗಿಲಲ್ಲಿ ನಿಂತು ಹಿಂಜರಿಯುತ್ತಾರೆಂದರೆ, ಆ ಹಿಂಜರಿಕೆ ವ್ಯಕ್ತಿಗಳ ಸ್ವಭಾವದಿಂದ ಮಾತ್ರ ಹುಟ್ಟಿದ್ದಲ್ಲ; ಅದಕ್ಕೊಂದು ಪೂರ್ವಚರಿತ್ರೆ ಇರಲೇಬೇಕು. ಮನೋವೈದ್ಯದ ವಿಷಯದಲ್ಲಿ ಆ ಚರಿತ್ರೆ ಬಹುಮಟ್ಟಿಗೆ ನಮ್ಮ ಬೆಂಗಳೂರಿನ ದಕ್ಷಿಣ ಭಾಗದಲ್ಲಿಯೇ ನಡೆದಿದೆ. ಪ್ರಕೃತ ಲೇಖನದಲ್ಲಿ ಅದನ್ನು ಸಂಕ್ಷೇಪವಾಗಿ ನಿರೂಪಿಸಿ, ವಿದ್ಯಾರ್ಥಿಗಳನ್ನು ಈ ಶಾಖೆಯ ಕಡೆಗೆ ಸೆಳೆಯುವ ಮತ್ತು ಅದರಿಂದ ವಿಮುಖರನ್ನಾಗಿಸುವ ಕಾರಣಗಳನ್ನು ವಿವೇಚಿಸಲು ಉದ್ದೇಶಿಸಿದ್ದೇವೆ.

ಪ್ರಶ್ನೆಯ ಗುರುತ್ವವನ್ನು ಮೊದಲು ಮನಗಾಣುವುದು ಅಗತ್ಯ. ೧೯೪೬ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯ ಲೆಕ್ಕದಂತೆ ಅಂದಿನ ಇಂಡಿಯಾದಲ್ಲಿ ಸುಮಾರು ೪೦ ಸಾವಿರ ಜನಕ್ಕೆ ಮನೋರೋಗಿಗಳ ಹಾಸಿಗೆ ಒಂದು. ಇಂಗ್ಲೆಂಡಿನಲ್ಲಾದರೋ ಸುಮಾರು ೩೦೦ ಜನಕ್ಕೆ ಒಂದು. ಎಪ್ಪತ್ತು ವರ್ಷಗಳ ತರುವಾಯ, ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿ ಆ ಕಾಲದಲ್ಲಿ ಯಾವುದಾದರೊಂದು ಮಾನಸಿಕ ವ್ಯಾಧಿಯಿಂದ ಬಳಲುತ್ತಿದ್ದರೆಂದು ಕಂಡುಕೊಂಡಿತು. ಅವರಲ್ಲಿ ಬಹುಪಾಲಿನವರಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ಮನೋವೈದ್ಯರ ಸಂಖ್ಯೆ ಮಧ್ಯಪ್ರದೇಶದಲ್ಲಿ ಲಕ್ಷ ಜನಕ್ಕೆ ೦.೦೫, ಕೇರಳದಲ್ಲಿ ೧.೨, ಕೇರಳವೊಂದನ್ನು ಬಿಟ್ಟರೆ ಸಮೀಕ್ಷೆಗೊಳಗಾದ ಉಳಿದ ರಾಜ್ಯಗಳಲ್ಲಿ ಲಕ್ಷಕ್ಕೆ ಒಬ್ಬರೂ ಇರಲಿಲ್ಲ. ಈ ಸಮೀಕ್ಷೆಯನ್ನು ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. ಅದರ ಪೂರ್ವಪ್ರಯೋಗ ನಡೆದದ್ದು ನಮ್ಮ ಕೋಲಾರದಲ್ಲಿ. ಆಸ್ಪತ್ರೆಗಳನ್ನು ಕಟ್ಟಬಹುದು, ಔಷಧಗಳನ್ನು ತರಿಸಬಹುದು. ಆದರೆ ವೈದ್ಯರಾಗಲು ಮನಸ್ಸು ಮಾಡುವವರೇ ಇಲ್ಲದಿದ್ದರೆ ಮಿಕ್ಕ ಏರ್ಪಾಡೆಲ್ಲ ವ್ಯರ್ಥ. ಆದಕಾರಣ ವಿದ್ಯಾರ್ಥಿಯ ಆಯ್ಕೆ ಅವನೊಬ್ಬನ ಸಂಗತಿಯಲ್ಲ.

೧. ಗೋಡೆಯ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ನಡುವಣ ಭಾಗದಲ್ಲಿ, ಮೈಸೂರು ಸಂಸ್ಥಾನವು ಕಮಿಷನರರ ಆಡಳಿತದಲ್ಲಿದ್ದಾಗ, ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಎಂಬ ಸರ್ಜನ್ ಬೆಂಗಳೂರಿನಲ್ಲಿ ಬುದ್ಧಿಭ್ರಮಣೆಗೊಳಗಾದವರಿಗಾಗಿ ಒಂದು ಆಶ್ರಯವನ್ನು ಏರ್ಪಡಿಸಿದನು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿಯೂ ಅದೇ ಕಾಲದಲ್ಲಿ ಇಂಥದೊಂದು ಆಶ್ರಯ ಸ್ಥಾಪಿತವಾಯಿತು. ಇವು ಹೆಸರಿಗೆ ಆಶ್ರಯಗಳು. ಇವುಗಳ ಕ್ರಮವಾದರೋ ಬಂಧನಾಲಯದ್ದು. ಬ್ರಿಟಿಷ್ ಇಂಡಿಯಾದಲ್ಲಿ ೧೮೫೮ರ ಶಾಸನಗಳ ಪ್ರಕಾರ ರೋಗಿಯನ್ನು ಒಳಕ್ಕೆ ಕಳುಹಿಸುವ ಅಧಿಕಾರ ಮ್ಯಾಜಿಸ್ಟ್ರೇಟರದಾಗಿತ್ತು. ಆಶ್ರಯದ ಮುಖ್ಯಾಧಿಕಾರಿ ವೈದ್ಯನೇ ಆಗಿದ್ದರೂ ಅವನಿಗೆ ಮನೋರೋಗಗಳಲ್ಲಿ ವಿಶೇಷ ಶಿಕ್ಷಣವೇನೂ ಇರುತ್ತಿರಲಿಲ್ಲ. ಬೇರೆ ಹೊಣೆಗಳ ಜೊತೆಗೆ ಇದೂ ಒಂದು ಹೊಣೆ. ೧೯೧೨ರ ಶಾಸನವು ವೈದ್ಯರ ಅಧಿಕಾರವನ್ನು ಹೆಚ್ಚಿಸಿತಾದರೂ ಕಾವಲು, ಕೀಲಿ, ವಾರಂಟು ಇವು ಉಳಿದೇ ಉಳಿದವು. ಆ ಶಾಸನವು ೧೯೮೭ರ ಮಾನಸಿಕ ಆರೋಗ್ಯ ಶಾಸನ ೧೯೯೩ರಲ್ಲಿ ಜಾರಿಗೆ ಬರುವವರೆಗೂ, ಅಂದರೆ ಎಂಬತ್ತು ವರ್ಷಗಳ ಕಾಲ, ದೇಶದಲ್ಲಿ ನಡೆಯಿತೆಂಬುದನ್ನು ನೆನೆದರೆ, ಜನರ ಮನಸ್ಸಿನಲ್ಲಿ ಮನೋರೋಗಾಲಯವೂ ಸೆರೆಮನೆಯೂ ಏಕೆ ಒಂದಾಗಿ ಬೆರೆತುಹೋದುವೆಂಬುದು ಅರ್ಥವಾಗದಿರದು.

ವೈದ್ಯ ವಿದ್ಯಾರ್ಥಿಯು ಈ ಚರಿತ್ರೆಯನ್ನು ಪುಸ್ತಕದಲ್ಲಿ ಓದಿರುವುದಿಲ್ಲ. ಆದರೆ ಆಡುಮಾತಿನಲ್ಲಿ ಅದನ್ನು ಬಾಲ್ಯದಿಂದಲೇ ಕೇಳಿರುತ್ತಾನೆ. ‘ಹುಚ್ಚಾಸ್ಪತ್ರೆ’ ಎಂಬ ಶಬ್ದವನ್ನು ಸರ್ಕಾರವು ಎಂದೋ ಕೈಬಿಟ್ಟಿದೆ. ಬೆಂಗಳೂರಿನ ಆಸ್ಪತ್ರೆಗೆ ೧೯೨೫ರಲ್ಲಿಯೇ ಮೆಂಟಲ್ ಹಾಸ್ಪಿಟಲ್ ಎಂಬ ಹೆಸರಾಯಿತು. ಜನರು ಕೈಬಿಡಲಿಲ್ಲ. ಬೆಂಗಳೂರಿನ ಮಕ್ಕಳು ಜಗಳವಾಡುವಾಗ ‘ನಿನ್ನನ್ನು ನಿಮ್ಹಾನ್ಸಿಗೆ ಸೇರಿಸಬೇಕು’ ಎಂದು ಹೀಯಾಳಿಸುವುದನ್ನು ನಾವೆಲ್ಲರೂ ಕೇಳಿದ್ದೇವೆ. ಹೆಸರನ್ನು ಬದಲಾಯಿಸಿದ ಮಾತ್ರಕ್ಕೆ ಕಳಂಕ ತೊಲಗುವುದಿಲ್ಲ; ಹಳೆಯ ಕಳಂಕವೇ ಹೊಸ ಹೆಸರನ್ನು ಧರಿಸಿಕೊಂಡು ಮುಂದುವರಿಯುತ್ತದೆ.

೨. ಆಸ್ಪತ್ರೆಯು ವಿದ್ಯಾಕೇಂದ್ರವಾದುದು

ಇಪ್ಪತ್ತನೆಯ ಶತಮಾನದ ಎರಡನೆಯ ಪಾದದಲ್ಲಿ ಬೆಂಗಳೂರಿನ ಆಸ್ಪತ್ರೆಯ ಸ್ವರೂಪ ಬದಲಾಗತೊಡಗಿತು. ಡಾ. ಫ್ರಾಂಕ್ ನೊರೊನ್ಹಾ ಅವರ ಮೇಲ್ವಿಚಾರಣೆಯಲ್ಲಿ ಅದು ಚಿಕಿತ್ಸಾಲಯದ ಲಕ್ಷಣಗಳನ್ನು ಪಡೆಯಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊರಟು ಹೊಸೂರು ರಸ್ತೆಯ ವಿಶಾಲವಾದ ನಿವೇಶನಕ್ಕೆ ಬಂದಿತು. ಅವರ ಅನಂತರ ಬಂದ ಡಾ. ಎಂ. ವಿ. ಗೋವಿಂದಸ್ವಾಮಿಯವರು ವೈದ್ಯಶಾಸ್ತ್ರದಲ್ಲಿಯೂ ಮನಶ್ಶಾಸ್ತ್ರದಲ್ಲಿಯೂ ಪರಿಶ್ರಮವುಳ್ಳವರು. ಯೂರೋಪಿನಲ್ಲಿ ಹೊಸದಾಗಿ ಬಳಕೆಗೆ ಬಂದ ಚಿಕಿತ್ಸಾಕ್ರಮಗಳು ಅವರ ಕಾಲದಲ್ಲಿ ಇಲ್ಲಿಗೂ ಬಂದುವು. ಮಿದುಳಿನ ಮುಂಭಾಗದ ಶಸ್ತ್ರಕ್ರಿಯೆಯನ್ನು ಕುರಿತು ಅವರು ಸಹೋದ್ಯೋಗಿಯೊಬ್ಬರೊಡನೆ ಬರೆದ ಲೇಖನ ೧೯೪೪ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಶಸ್ತ್ರಕ್ರಿಯೆಯನ್ನು ವೈದ್ಯಲೋಕವು ಮುಂದೆ ತ್ಯಜಿಸಿತು. ಆದರೂ ಸಂಸ್ಥಾನದ ಒಂದು ಆಸ್ಪತ್ರೆಯ ವೈದ್ಯರು ಪ್ರಪಂಚದ ವೈದ್ಯವಿಜ್ಞಾನದೊಡನೆ ಸಂವಾದಕ್ಕೆ ತೊಡಗಿದ್ದರೆಂಬುದಕ್ಕೆ ಅದೊಂದು ಸಾಕ್ಷಿ.

ಭೋರ್ ಸಮಿತಿಯು ಮನೋವೈದ್ಯ ಶಿಕ್ಷಣದ ಅಗತ್ಯವನ್ನು ಎತ್ತಿಹಿಡಿದ ಫಲವಾಗಿ ೧೯೫೪ರಲ್ಲಿ ಈ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರಾದರು. ಮರುವರ್ಷವೇ ಮನೋವೈದ್ಯದಲ್ಲಿಯೂ ವೈದ್ಯಕೀಯ ಮನಶ್ಶಾಸ್ತ್ರದಲ್ಲಿಯೂ ಡಿಪ್ಲೊಮಾ ತರಗತಿಗಳು ಆರಂಭವಾದುವು. ಸುಮಾರು ಇಪ್ಪತ್ತು ವರ್ಷ ಆಸ್ಪತ್ರೆ ರಾಜ್ಯ ಸರ್ಕಾರದ್ದಾಗಿಯೂ ಸಂಸ್ಥೆ ಕೇಂದ್ರ ಸರ್ಕಾರದ್ದಾಗಿಯೂ ಒಂದೇ ಆವರಣದಲ್ಲಿ ನಡೆದು, ೧೯೭೪ರ ಡಿಸೆಂಬರಿನಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ನರಶಸ್ತ್ರ ಚಿಕಿತ್ಸೆಯಲ್ಲಿ ಪ್ರಖ್ಯಾತರಾದ ಡಾ. ಆರ್. ಎಂ. ವರ್ಮ ಅವರು ನಿರ್ದೇಶಕರಾಗಿದ್ದರು. ೧೯೯೪ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಸ್ಥಾನವೂ, ೨೦೧೨ರ ಶಾಸನದಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆಂಬ ಮನ್ನಣೆಯೂ ಅದಕ್ಕೆ ದೊರೆತುವು.

ಹೀಗೆ ಮನೋವೈದ್ಯನಾಗಬಯಸುವವನಿಗೆ ಶಿಕ್ಷಣ ದೊರೆಯುವ ಏರ್ಪಾಡು ಬೆಂಗಳೂರಿನಲ್ಲಿ ಆಯಿತು. ಆದರೆ ಬಯಕೆಯನ್ನು ಹುಟ್ಟಿಸುವ ಏರ್ಪಾಡು ಎಲ್ಲಿಯೂ ಆಗಲಿಲ್ಲ. ಬೆಂಗಳೂರು ವೈದ್ಯಕೀಯ ಕಾಲೇಜು ೧೯೫೫ರಲ್ಲಿ, ಸೇಂಟ್ ಜಾನ್ಸ್ ೧೯೬೩ರಲ್ಲಿ, ಬನಶಂಕರಿಯ ಕೆಂಪೇಗೌಡ ವೈದ್ಯವಿಜ್ಞಾನ ಸಂಸ್ಥೆ ೧೯೮೦ರಲ್ಲಿ ಆರಂಭವಾದುವು. ಇವೆಲ್ಲವೂ ಆ ಆಸ್ಪತ್ರೆಯಿಂದ ಕೆಲವೇ ಮೈಲಿಗಳ ದೂರದಲ್ಲಿವೆ. ದೇಶದ ಬೇರಾವ ನಗರದ ವಿದ್ಯಾರ್ಥಿಗಳಿಗೂ ಮನೋವೈದ್ಯವು ಇಷ್ಟು ಸಮೀಪದಲ್ಲಿ ಇದ್ದಿರಲಾರದು. ಸಾಮೀಪ್ಯದಿಂದಲೇ ಒಲವು ಹುಟ್ಟುವುದಾಗಿದ್ದರೆ ನಮ್ಮ ನಗರದಲ್ಲಿ ಈ ಪ್ರಶ್ನೆಯೇ ಉದ್ಭವಿಸುತ್ತಿರಲಿಲ್ಲ.

೩. ಹಿಂಜರಿಕೆಯ ಕಾರಣಗಳು

ಮೊದಲನೆಯದು ಮನೆಯ ಅಭಿಪ್ರಾಯ. ಜಯನಗರದ ಕಡೆಯ ವೈದ್ಯ ವಿದ್ಯಾರ್ಥಿಯೊಬ್ಬನೊಡನೆ ನಾವು ಈ ವಿಷಯವನ್ನು ಪ್ರಸ್ತಾಪಿಸಿದಾಗ, ತಾನು ಮನೋವೈದ್ಯವನ್ನು ಆರಿಸಿಕೊಳ್ಳುವೆನೆಂದು ಮನೆಯಲ್ಲಿ ಹೇಳಿದ ದಿನ ಅಜ್ಜಿ ಕೇಳಿದ ಪ್ರಶ್ನೆಯನ್ನು ಅವನು ತಿಳಿಸಿದನು: “ಇಷ್ಟು ಓದಿ ಕೊನೆಗೆ ಹುಚ್ಚರ ಡಾಕ್ಟ್ರಾಗ್ತೀಯೇನೋ ಮಗು?” ಅಜ್ಜಿಯದು ತಿರಸ್ಕಾರವಲ್ಲ, ಕಾತರ. ನಾಳೆ ಸಂಬಂಧ ಕೂಡಿಸುವಾಗ ಜನ ಏನೆನ್ನುವರೋ, ಅಂಥ ರೋಗಿಗಳ ಸಹವಾಸದಿಂದ ಮೊಮ್ಮಗನ ಮನಸ್ಸಿಗೆ ಏನಾಗುವುದೋ ಎಂಬ ಚಿಂತೆ. ಮನೋವೈದ್ಯನಿಗೇ ಹುಚ್ಚು ಹಿಡಿಯುವುದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಪುಟ್ಟಣ್ಣ ಕಣಗಾಲರ ‘ಮಾನಸ ಸರೋವರ’ (೧೯೮೨) ಚಿತ್ರದ ಕಥೆಯೇ ಅದು: ರೋಗಿಯನ್ನು ಗುಣಪಡಿಸಿದ ವೈದ್ಯನು ಅವಳಲ್ಲಿ ಅನುರಕ್ತನಾಗಿ, ನಿರಾಶನಾಗಿ, ತಾನೇ ಬುದ್ಧಿಭ್ರಮಣೆಗೊಳಗಾಗುತ್ತಾನೆ. ಚಿತ್ರವು ಕಲೆಯಾಗಿ ಜನರ ಮನಸ್ಸನ್ನು ಸೆರೆಹಿಡಿಯಿತು, ಭಯವಾಗಿಯೂ ಉಳಿಯಿತು. ಕ್ಷಯರೋಗದ ವೈದ್ಯನಿಗೆ ಸೋಂಕು ತಗಲುವ ಸಂಭವ ನಿಜವಾಗಿಯೂ ಉಂಟು. ಆದರೂ ಆ ವೃತ್ತಿಗೆ ಇಂಥ ಅಪಕೀರ್ತಿ ಬಂದಿಲ್ಲ.

ಎರಡನೆಯದು ಪಠ್ಯಕ್ರಮ. ೧೯೯೭ರ ನಿಯಮಾವಳಿಯಲ್ಲಿ ಮನೋವೈದ್ಯಕ್ಕೆ ಮೀಸಲಾಗಿದ್ದುದು ಕೆಲವೇ ಗಂಟೆಗಳ ಉಪನ್ಯಾಸ ಮತ್ತು ಎರಡು ವಾರಗಳ ವಾರ್ಡು ದರ್ಶನ. ಪ್ರತ್ಯೇಕವಾದ ಪ್ರಶ್ನಪತ್ರಿಕೆಯಿಲ್ಲ, ಪ್ರತ್ಯೇಕವಾಗಿ ತೇರ್ಗಡೆಯಾಗುವ ಅಗತ್ಯವಿಲ್ಲ. ನಮ್ಮ ವಿದ್ಯಾರ್ಥಿಗಳ ಮನೋಧರ್ಮವನ್ನು ಬಲ್ಲ ಅಧ್ಯಾಪಕರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಪರೀಕ್ಷೆಯಲ್ಲಿ ಕೇಳದ ವಿಷಯವು ವಿಷಯವೇ ಅಲ್ಲ. ೨೦೧೯ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಬೋಧನೆಯ ಅವಧಿ ಹೆಚ್ಚಿದೆ. ೨೦೨೧ರ ನಿಯಮದಂತೆ ಪದವಿಯ ಕೊನೆಯ ತರಬೇತಿ ವರ್ಷದಲ್ಲಿ ಎರಡು ವಾರ ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುವುದು ಕಡ್ಡಾಯವಾಗಿದೆ. ಇವು ಸ್ವಾಗತಾರ್ಹ. ಆದರೂ ಪರೀಕ್ಷೆಯಲ್ಲಿ ಈ ಶಾಸ್ತ್ರವು ಸಾಮಾನ್ಯ ವೈದ್ಯದ ಒಂದು ಅಂಗವಾಗಿಯೇ ಉಳಿದಿದೆ.

ಮೂರನೆಯ ಕಾರಣ ಸೂಕ್ಷ್ಮವಾದುದು. ಆ ಎರಡು ವಾರಗಳಲ್ಲಿ ವಿದ್ಯಾರ್ಥಿಯು ಕಾಣುವುದು ಯಾರನ್ನು? ವಾರ್ಡಿನಲ್ಲಿರುವ ತೀವ್ರರೋಗಿಗಳನ್ನು, ಮತ್ತೆ ಮತ್ತೆ ಆಸ್ಪತ್ರೆಗೆ ಬರುವವರನ್ನು. ಆರು ತಿಂಗಳ ಔಷಧ ಮತ್ತು ಉಪಚಾರದಿಂದ ಗುಣಹೊಂದಿ ಬ್ಯಾಂಕಿನ ಕೆಲಸಕ್ಕೆ ಮರಳಿದ ಗುಮಾಸ್ತನನ್ನಾಗಲಿ, ಹೆರಿಗೆಯ ಅನಂತರದ ಖಿನ್ನತೆಯಿಂದ ಚೇತರಿಸಿಕೊಂಡು ಮಗುವನ್ನು ಶಾಲೆಗೆ ಕಳುಹಿಸುತ್ತಿರುವ ತಾಯಿಯನ್ನಾಗಲಿ ಅವನು ಕಾಣಲಾರ. ಏಕೆಂದರೆ ಗುಣವಾದವರು ಆಸ್ಪತ್ರೆಗೆ ಬರುವುದಿಲ್ಲ, ಬಂದರೂ ಗುರುತು ಹೇಳಿಕೊಳ್ಳುವುದಿಲ್ಲ. ಇದರಿಂದ ಮನೋರೋಗಗಳೆಲ್ಲ ವಾಸಿಯಾಗದವು ಎಂಬ ತೀರ್ಮಾನಕ್ಕೆ ಅವನು ಬರುತ್ತಾನೆ. ಅಮೆರಿಕದ ಸಂಶೋಧಕರು ೧೯೮೪ರಲ್ಲಿ ಇದನ್ನು ವೈದ್ಯನ ಭ್ರಮೆಯೆಂದು ಹೆಸರಿಸಿ ವಿವರಿಸಿದರು. ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಭ್ರಮೆ ಅಪರಿಚಿತವಲ್ಲ. ನ್ಯಾಯಾಲಯದ ಕಡತಗಳನ್ನು ಮಾತ್ರ ಓದಿದವನಿಗೆ ಹಿಂದಿನ ಕಾಲದ ಹಳ್ಳಿಗಳಲ್ಲಿ ಜಗಳವಲ್ಲದೆ ಬೇರೇನೂ ಇರಲಿಲ್ಲವೆಂದು ತೋರುತ್ತದೆ. ನೆಮ್ಮದಿಯಾಗಿ ಬಾಳಿದವರು ದಾಖಲೆಗಳನ್ನು ಬಿಟ್ಟುಹೋಗುವುದಿಲ್ಲ.

ನಾಲ್ಕನೆಯದು, ಇದು ವಿಜ್ಞಾನವೇ ಅಲ್ಲವೆಂಬ ಸಂಶಯ. ರಕ್ತವನ್ನು ಪರೀಕ್ಷಿಸಿ, ಕ್ಷಕಿರಣದಿಂದ ಚಿತ್ರ ತೆಗೆದು ರೋಗವನ್ನು ನಿರ್ಣಯಿಸಲು ಕಲಿತ ತರುಣನಿಗೆ, ಮಾತನಾಡಿಸಿ, ನಡತೆಯನ್ನು ಗಮನಿಸಿ, ಮನೆಯವರನ್ನು ವಿಚಾರಿಸಿ ರೋಗವನ್ನು ಗುರುತಿಸುವ ಕ್ರಮವು ಸಡಿಲವಾಗಿ ಕಾಣುವುದು ಸಹಜ. ಇತರ ವಿಭಾಗಗಳ ಹಿರಿಯರು ಆಡುವ ಹಾಸ್ಯೋಕ್ತಿಗಳೂ ಅದಕ್ಕೆ ಪುಷ್ಟಿಕೊಡುತ್ತವೆ. ಇಲ್ಲಿ ಒಂದು ಚಾರಿತ್ರಿಕ ಸಂಗತಿಯನ್ನು ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಹುಚ್ಚರ ಆಶ್ರಯಗಳಲ್ಲಿದ್ದ ರೋಗಿಗಳಲ್ಲಿ ಹಲವರಿಗಿದ್ದುದು ಉಪದಂಶರೋಗದಿಂದ ಮಿದುಳಿಗೆ ತಗಲಿದ ವಿಕಾರ. ೧೯೧೩ರಲ್ಲಿ ಅಂಥವರ ಮಿದುಳಿನಲ್ಲಿ ಆ ರೋಗದ ಸೂಕ್ಷ್ಮಜೀವಿಯೇ ಕಂಡುಬಂದಿತು. ಪೆನಿಸಿಲಿನ್ ಬಂದ ಮೇಲೆ ಅದು ಮನೋವೈದ್ಯನ ಕೈಯಿಂದ ಸಾಮಾನ್ಯ ವೈದ್ಯನ ಕೈಗೆ ಹೋಯಿತು. ಮೂರ್ಛೆರೋಗವು ನರವೈದ್ಯರ ಪಾಲಾಯಿತು. ಪೆಲ್ಲಾಗ್ರದಿಂದ ಬರುತ್ತಿದ್ದ ಚಿತ್ತವಿಕಾರವು ಆಹಾರದ ಕೊರತೆಯೆಂದು ತಿಳಿದಾಗ ಅದೂ ಹೊರಟುಹೋಯಿತು. ಅಂದರೆ, ಕಾರಣವು ಸ್ಪಷ್ಟವಾದ ಕೂಡಲೆ ಆ ರೋಗವು ಬೇರೊಂದು ಶಾಖೆಗೆ ಸೇರುತ್ತದೆ. ಇನ್ನೂ ಅಸ್ಪಷ್ಟವಾಗಿರುವುದೆಲ್ಲ ಮನೋವೈದ್ಯದಲ್ಲಿ ಉಳಿಯುತ್ತದೆ. ತನ್ನ ಗೆಲವುಗಳನ್ನು ನೆರೆಹೊರೆಗೆ ದಾನಮಾಡಿದ ಶಾಸ್ತ್ರವನ್ನು ಬರಿಗೈಯದೆಂದು ಹಳಿಯುವುದು ನ್ಯಾಯವಲ್ಲ.

ಉಳಿದ ಕಾರಣಗಳು ಲೌಕಿಕವಾದುವು. ಲಕ್ಷಾಂತರ ರೂಪಾಯಿ ವೆಚ್ಚಮಾಡಿ ಓದಿಸಿದ ತಂದೆತಾಯಿಗಳು ಉಪಕರಣಗಳಿಂದ, ಶಸ್ತ್ರಕ್ರಿಯೆಗಳಿಂದ ವರಮಾನ ಬರುವ ಶಾಖೆಯನ್ನು ಬಯಸುವುದುಂಟು. ಮನೋವೈದ್ಯನಿಗೆ ಬಂಡವಾಳವೆಂದರೆ ಸಮಯ. ಒಬ್ಬ ರೋಗಿಗೆ ಒಂದು ಗಂಟೆ ಕೊಟ್ಟರೆ ಆ ಗಂಟೆಯಲ್ಲಿ ಬೇರೊಬ್ಬರನ್ನು ನೋಡಲಾಗದು. ರೋಗಿಯ ಆತ್ಮಹತ್ಯೆಯ ಹೊಣೆ ತನ್ನ ಮೇಲೆ ಬಂದೀತೆಂಬ ಅಳುಕೂ ಉಂಟು. ಹಿಂಸೆಯ ಭಯವಂತೂ ಎಲ್ಲರ ಬಾಯಲ್ಲಿಯೂ ಇದೆ; ಮನೋರೋಗಿಗಳಲ್ಲಿ ಬಹುಸಂಖ್ಯಾತರು ಯಾರಿಗೂ ಅಪಾಯವನ್ನುಂಟುಮಾಡುವವರಲ್ಲ, ಹಿಂಸೆಗೆ ತಾವೇ ಗುರಿಯಾಗುವವರು. ೨೦೦೧ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ೨೮ ಮಂದಿ ರೋಗಿಗಳು ಓಡಿಹೋಗಲಾರದೆ ಸತ್ತರು. ಅವರನ್ನು ಸರಪಳಿಗಳಿಂದ ಕಟ್ಟಲಾಗಿತ್ತು. ಚಿಕಿತ್ಸೆ ಕೊಡುವವರಿಲ್ಲದ ಕಡೆ ಸರಪಳಿ ಬರುತ್ತದೆ. ಈ ಲೇಖನದ ಪ್ರಶ್ನೆಯ ನಿಜವಾದ ಭಾರ ಇಲ್ಲಿದೆ.

೪. ಒಲವಿನ ಕಾರಣಗಳು

ಇಷ್ಟು ಅಡ್ಡಿಗಳಿದ್ದರೂ ಪ್ರತಿವರ್ಷ ಕೆಲವರು ಈ ಶಾಖೆಯನ್ನು ಮನಸಾರೆ ಆರಿಸಿಕೊಳ್ಳುತ್ತಾರೆ. ಇಪ್ಪತ್ತು ದೇಶಗಳ ಅಂತಿಮ ವರ್ಷದ ವೈದ್ಯ ವಿದ್ಯಾರ್ಥಿಗಳನ್ನು ಕುರಿತು ನಡೆದು ಸುಮಾರು ಹತ್ತು ವರ್ಷಗಳ ಹಿಂದೆ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಿಶ್ಚಯವಾಗಿ ಮನೋವೈದ್ಯವನ್ನೇ ಆರಿಸುವೆವೆಂದವರು ನೂರಕ್ಕೆ ಸುಮಾರು ೪.೫ ಮಂದಿ. ಅವರನ್ನು ಇತರರಿಂದ ಬೇರ್ಪಡಿಸಿದ ಅಂಶಗಳಲ್ಲಿ ಮುಖ್ಯವಾದವು ಕೆಲವು: ತಮಗಾಗಲಿ ಮನೆಯವರಿಗಾಗಲಿ ಮಾನಸಿಕ ವ್ಯಾಧಿಯ ಅನುಭವವಿದ್ದುದು, ಕಡ್ಡಾಯವಾದುದಕ್ಕಿಂತ ಹೆಚ್ಚು ಕಾಲವನ್ನು ಇಚ್ಛೆಯಿಂದ ಆ ವಿಭಾಗದಲ್ಲಿ ಕಳೆದುದು, ತಮ್ಮ ಶಕ್ತಿ ಅಲ್ಲಿ ಪೂರ್ಣವಾಗಿ ವಿನಿಯೋಗವಾಗುವುದೆಂಬ ನಂಬಿಕೆ. ಇವುಗಳಲ್ಲಿ ಮೊದಲನೆಯದು ವಿಚಾರಾರ್ಹ. ಇತರರನ್ನು ಓಡಿಸುವ ಅನುಭವವೇ ಕೆಲವರನ್ನು ಕರೆಯುತ್ತದೆ. ಸೋದರಮಾವನೊಬ್ಬನು ವರ್ಷಗಟ್ಟಲೆ ಕೋಣೆಯಲ್ಲಿ ಮುದುಡಿ ಕುಳಿತುದನ್ನು, ಮನೆಯವರು ಅದನ್ನು ಮುಚ್ಚಿಟ್ಟುದನ್ನು ಕಂಡು ಬೆಳೆದ ಹುಡುಗಿಗೆ ಮನೋವೈದ್ಯವು ಅಪರಿಚಿತ ಶಾಸ್ತ್ರವಾಗಿರುವುದಿಲ್ಲ.

ಎರಡನೆಯ ಆಕರ್ಷಣೆ, ಮಾನವಿಕ ವಿದ್ಯೆಗಳೊಡನೆ ಇದಕ್ಕಿರುವ ನಂಟು. ಕನ್ನಡದಲ್ಲಿ ಈ ನಂಟು ಹಳೆಯದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಬೋಧನೆಗೆ ಅಡಿಪಾಯ ಹಾಕಿದರು. ಮನಶ್ಶಾಸ್ತ್ರದ ಪದವೀಧರೆಯಾದ ತ್ರಿವೇಣಿಯವರು ‘ಶರಪಂಜರ’ ಕಾದಂಬರಿಯಲ್ಲಿ, ಗುಣಹೊಂದಿ ಮನೆಗೆ ಮರಳಿದ ಹೆಣ್ಣನ್ನು ಸಮಾಜವು ಹೇಗೆ ಮತ್ತೆ ರೋಗಿಯನ್ನಾಗಿಸುತ್ತದೆಂಬುದನ್ನು ಚಿತ್ರಿಸಿದರು. ಮುಂದೆ ಅದು ಚಲನಚಿತ್ರವಾಗಿ ಮನೆಮನೆಯ ಮಾತಾಯಿತು. ೧೯೪೨ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. ನಗೆಯ ಬರಹದಿಂದ ‘ರಾಶಿ’ಯೆಂದು ಹೆಸರಾದ ಅವರಿಗೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಮನೋರೋಗಗಳನ್ನು ಕುರಿತ ‘ಮನಮಂಥನ’ಕ್ಕೆ. ಶಿವಮೊಗ್ಗೆಯ ಮನೋವೈದ್ಯ ಡಾ. ಅಶೋಕ್ ಪೈ ಚಲನಚಿತ್ರದ ಮೂಲಕ, ನಿಮ್ಹಾನ್ಸಿನಲ್ಲಿ ಅಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ನೂರಕ್ಕೂ ಮಿಕ್ಕ ಕನ್ನಡ ಪುಸ್ತಕಗಳ ಮೂಲಕ ಈ ಶಾಸ್ತ್ರವನ್ನು ಜನರ ಬಳಿಗೊಯ್ದರು. ಇಂಥ ಪುಸ್ತಕವೊಂದನ್ನು ಹೈಸ್ಕೂಲಿನ ದಿನಗಳಲ್ಲಿ ಓದಿದುದೇ ಒಬ್ಬ ಬಾಲಕನ ಮುಂದಿನ ಆಯ್ಕೆಗೆ ಬೀಜವಾಗಬಹುದು.

ಮೂರನೆಯದು, ಸಮಾಜವನ್ನೇ ಚಿಕಿತ್ಸಾಲಯವನ್ನಾಗಿ ಮಾಡಿಕೊಳ್ಳುವ ಅವಕಾಶ. ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಅಂದಿನ ದಕ್ಷಿಣ ಕನ್ನಡದ ಕೋಟ ಗ್ರಾಮದಲ್ಲಿ ನೆಲಸಿ, ಅಲ್ಲಿಯ ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳ ಬದುಕನ್ನೂ ಮನೋವ್ಯಾಧಿಗಳನ್ನೂ ಒಟ್ಟಿಗೆ ಅಭ್ಯಾಸಮಾಡಿ ೧೯೭೬ರಲ್ಲಿ ಪ್ರಕಟಿಸಿದ ಗ್ರಂಥವು ಸಮಾಜಶಾಸ್ತ್ರಜ್ಞರಿಗೂ ಬೇಕಾದುದು. ಅದೇ ಕಾಲದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನ ದಕ್ಷಿಣಕ್ಕಿರುವ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಲು ಕಲಿಸಬಹುದೆಂದು ತೋರಿಸಿಕೊಟ್ಟಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡ ಮೇಲೆ, ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು ಇಡೀ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೀವ್ರ ಮನೋರೋಗಿಗಳನ್ನು ಅವರ ಊರಿನಲ್ಲಿಯೇ ವರ್ಷಾನುಗಟ್ಟಲೆ ಅನುಸರಿಸಿ ಚಿಕಿತ್ಸೆ ನೀಡಿದ ಕಾರ್ಯವೂ ಇದೇ ಪರಂಪರೆಯದು. ಪ್ರಯೋಗಾಲಯದ ಗೋಡೆಗಳಿಗೆ ಸೀಮಿತವಾಗದೆ ಜನಜೀವನದ ಮಧ್ಯದಲ್ಲಿ ಸಂಶೋಧನೆ ನಡೆಸಬಯಸುವವರಿಗೆ ಇದಕ್ಕಿಂತ ವಿಶಾಲವಾದ ಕ್ಷೇತ್ರ ವೈದ್ಯದಲ್ಲಿ ಅಪರೂಪ.

ಕೊನೆಯದಾಗಿ, ರೋಗಿಯು ಗುಣವಾಗುವುದನ್ನು ಕಣ್ಣಾರೆ ಕಾಣುವ ಸಂತೋಷ. ೧೯೪೯ರಲ್ಲಿ ಲಿಥಿಯಂ, ೧೯೫೨ರಲ್ಲಿ ಕ್ಲೋರ್‌ಪ್ರೊಮಜೀನ್ ಚಿಕಿತ್ಸೆಗೆ ಬಂದುವು. ನಮ್ಮ ನಾಡಿನ ಸರ್ಪಗಂಧಿಯನ್ನು ಉನ್ಮಾದದಲ್ಲಿ ಪ್ರಯೋಗಿಸಿದುದನ್ನು ಕಲ್ಕತ್ತೆಯ ವೈದ್ಯರು ೧೯೩೧ರಲ್ಲಿಯೇ ಪ್ರಕಟಿಸಿದ್ದರು. ಈ ಔಷಧಗಳು ಬಂದ ಮೇಲೆ ಗೋಡೆಯೊಳಗೆ ಆಯುಷ್ಯವನ್ನೆಲ್ಲ ಕಳೆಯಬೇಕಾಗಿದ್ದ ಎಷ್ಟೋ ಜನ ಮನೆಗೆ ಮರಳಿದರು. ಮ್ಲಾನವಾದ ಮುಖದಲ್ಲಿ ಮೂರು ವಾರಗಳ ಮೇಲೆ ಮೊದಲ ನಗೆಯನ್ನು ಕಂಡ ವಿದ್ಯಾರ್ಥಿಯು ಈ ಶಾಖೆಯನ್ನು ಕುರಿತು ಹಗುರವಾಗಿ ಮಾತನಾಡಲಾರ. ಆದರೆ ಅದನ್ನು ಕಾಣಲು ಮೂರು ವಾರ ಬೇಕು. ೧೯೯೭ರ ಪಠ್ಯಕ್ರಮವು ಕೊಡುತ್ತಿದ್ದುದು ಎರಡು.

೫. ಭಾಷೆಯ ಪ್ರಶ್ನೆ

ಶಸ್ತ್ರವೈದ್ಯನು ರೋಗಿಯ ಭಾಷೆಯನ್ನು ಬಲ್ಲವನಲ್ಲದಿದ್ದರೂ ಶಸ್ತ್ರಕ್ರಿಯೆಯನ್ನು ಸಮರ್ಪಕವಾಗಿ ಮಾಡಬಲ್ಲ. ಮನೋವೈದ್ಯನಿಗೆ ಭಾಷೆಯೇ ಉಪಕರಣ. ‘ಎದೆ ಹಾರುತ್ತೆ’, ‘ಜೀವ ಝಲ್ಲನ್ನುತ್ತೆ’, ‘ತಲೆ ಧಿಂ ಅನ್ನುತ್ತೆ’, ‘ಹೊಟ್ಟೇಲಿ ಸಂಕಟ’, ‘ಯಾತಕ್ಕೂ ಮನಸ್ಸಿಲ್ಲ’, ‘ಗಾಳಿ ಸೋಕಿದೆ’, ‘ಮೈಮೇಲೆ ಬರುತ್ತೆ’ ಎಂದು ನಮ್ಮ ಜನ ಹೇಳುವ ಮಾತುಗಳಲ್ಲಿ ಯಾವುದು ಭೀತಿ, ಯಾವುದು ಖಿನ್ನತೆ, ಯಾವುದು ಕೇವಲ ದುಃಖ, ಯಾವುದು ಭಕ್ತಿ ಎಂಬ ವಿವೇಕ ಇಂಗ್ಲಿಷ್ ಪಠ್ಯದಿಂದ ಬರುವಂಥದಲ್ಲ. ‘ಮರುಳು’ ಎಂಬ ಶಬ್ದವೊಂದನ್ನೇ ನೋಡಿ. ಮರುಳನೆಂದು ಮಕ್ಕಳನ್ನು ಮುದ್ದಿಸುತ್ತೇವೆ, ಬೈಯುತ್ತೇವೆ, ಮರುಳಸಿದ್ಧನೆಂದು ಪೂಜಿಸುತ್ತೇವೆ. ಬುದ್ಧಿಯ ಎಲ್ಲೆಯನ್ನು ಮೀರಿದವರ ವಿಷಯದಲ್ಲಿ ನಮ್ಮ ಭಾಷೆಗೆ ಹೀಯಾಳಿಕೆಯೂ ಗೌರವವೂ ಒಟ್ಟಿಗೆ ತಿಳಿದಿವೆ.

ಇಲ್ಲಿ ನಮ್ಮ ದಕ್ಷಿಣ ಬೆಂಗಳೂರಿನ ವಿದ್ಯಾರ್ಥಿಗೆ ಒಂದು ತೊಡಕಿದೆ. ಬಾಲ್ಯದಿಂದ ಇಂಗ್ಲಿಷಿನಲ್ಲಿ ಓದಿದ ಅವನು, ಕನಕಪುರದಿಂದಲೋ ಪಾವಗಡದಿಂದಲೋ ಬಂದ ರೋಗಿಯ ಮಾತು ತಿಳಿಯದೆ ಹಿಂಜರಿಯುತ್ತಾನೆ. ಆ ಹಿಂಜರಿಕೆಯನ್ನು ಶಾಸ್ತ್ರದ ಮೇಲಣ ಅರುಚಿಯೆಂದು ತಾನೇ ತಪ್ಪು ತಿಳಿಯುತ್ತಾನೆ. ಹಳ್ಳಿಯಿಂದ ಬಂದ ವಿದ್ಯಾರ್ಥಿಯದು ಇದಕ್ಕೆ ವಿರುದ್ಧವಾದ ಸ್ಥಿತಿ. ತರಗತಿಯಲ್ಲಿ ಹಿಂದೆ ಕುಳಿತವನು ಈ ವಾರ್ಡಿನಲ್ಲಿ ಮುಂದೆ ಬರುತ್ತಾನೆ. ರೋಗಿಯ ತಾಯಿ ಅರ್ಧಕ್ಕೆ ನಿಲ್ಲಿಸಿದ ವಾಕ್ಯದ ಮಿಕ್ಕ ಭಾಗ ಅವನಿಗೆ ಗೊತ್ತು. ಪಾಶ್ಚಾತ್ಯ ಮನೋಚಿಕಿತ್ಸೆಯನ್ನು ಇಲ್ಲಿ ಯಥಾವತ್ತಾಗಿ ಅನುಕರಿಸುವುದು ಸಲ್ಲದೆಂದು, ಇದೇ ಸಂಸ್ಥೆಯಲ್ಲಿದ್ದ ಡಾ. ಎನ್. ಸಿ. ಸೂರ್ಯ ಅವರು ೧೯೬೦ರ ದಶಕದಲ್ಲಿಯೇ ಎಚ್ಚರಿಸಿದ್ದರು. ರೋಗಿಯ ಕುಟುಂಬವನ್ನು ದೂರವಿಡದೆ ಜೊತೆಯಲ್ಲಿಯೇ ಇರಿಸಿಕೊಳ್ಳುವ ಪದ್ಧತಿ ಅಮೃತಸರದಲ್ಲಿ, ವೆಲ್ಲೂರಿನಲ್ಲಿ, ಬೆಂಗಳೂರಿನಲ್ಲಿ ಬೆಳೆದದ್ದು ನಮ್ಮ ಜನಜೀವನವನ್ನು ಅರಿತುದರ ಫಲ. ಪರದೇಶದಲ್ಲಿ ಕಲಿಯಬಹುದಾದುದು ಬಹಳವುಂಟು. ಹಲವು ಮಂದಿ ಡಿಪ್ಲೊಮಾ ಪಡೆದವರು ಇಂಗ್ಲೆಂಡ್ ಅಮೆರಿಕಗಳಿಗೆ ತೆರಳಿ ಅಲ್ಲಿಯೇ ನೆಲಸಿದ್ದೂ ಉಂಟು. ಆದರೆ ಕನ್ನಡದ ರೋಗಿಯನ್ನು ಕನ್ನಡದಲ್ಲಿ ಕೇಳಬಲ್ಲವರು ಇಲ್ಲಿಯೇ ಆಗಬೇಕು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುವುದು. ವಿದ್ಯಾರ್ಥಿಯನ್ನು ಹಿಂಜರಿಸುವ ಕಾರಣಗಳಲ್ಲಿ ಬಹುಪಾಲು ಶಾಸ್ತ್ರದ ಒಳಗಿನವಲ್ಲ. ಹಳೆಯ ಗೋಡೆಯ ನೆರಳು, ಆಡುಮಾತಿನ ಅಭ್ಯಾಸ, ಪರೀಕ್ಷಾಕ್ರಮ ಇವುಗಳಿಂದ ಬಂದವು. ಸೆಳೆಯುವ ಕಾರಣಗಳಾದರೋ ಶಾಸ್ತ್ರದ ಒಳಗಿನವು. ಆದರೆ ಒಳಕ್ಕೆ ಕಾಲಿಟ್ಟವರಿಗೆ ಮಾತ್ರ ಕಾಣುವಂಥವು. ಆದ್ದರಿಂದ ಬಾಗಿಲಲ್ಲಿ ನಿಂತವನನ್ನು ಸ್ವಲ್ಪ ಕಾಲವಾದರೂ ಒಳಗೆ ಇರಿಸುವುದೇ ಪರಿಹಾರದ ಮೊದಲ ಹೆಜ್ಜೆ. ವಾರ್ಡಿನ ಜೊತೆಗೆ ಹೊರರೋಗಿ ವಿಭಾಗವನ್ನೂ, ಗುಣವಾದವರನ್ನೂ, ತಾಲ್ಲೂಕು ಕೇಂದ್ರಗಳ ಚಿಕಿತ್ಸೆಯನ್ನೂ ವಿದ್ಯಾರ್ಥಿಗೆ ತೋರಿಸಬೇಕು. ಕಾಲವೂ ಅನುಕೂಲವಾಗಿದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಶಾಸನವು ರೋಗಿಯನ್ನು ಹಕ್ಕುಗಳುಳ್ಳ ಪ್ರಜೆಯೆಂದು ಕಂಡಿದೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ದೂರವಾಣಿ ಸೇವೆಗೆ ಬೆಂಗಳೂರೇ ಕೇಂದ್ರಸ್ಥಾನ.

ವೈದ್ಯರಲ್ಲದ ಅಧ್ಯಾಪಕರಿಗೂ ಇದರಲ್ಲಿ ಪಾತ್ರವುಂಟು. ವೈದ್ಯಕೀಯಕ್ಕೆ ಹೋಗುವ ವಿದ್ಯಾರ್ಥಿಯು ಅದಕ್ಕೆ ಮುನ್ನ ನಮ್ಮ ಕಾಲೇಜುಗಳ ಕೋಣೆಗಳಲ್ಲಿಯೇ ಕುಳಿತಿರುತ್ತಾನೆ. ತರಗತಿಯಲ್ಲಿ ‘ಹುಚ್ಚ’ ಎಂಬ ಶಬ್ದವನ್ನು ಹಾಸ್ಯಕ್ಕೆ ಬಳಸುವುದನ್ನು ನಾವು ಬಿಟ್ಟರೆ, ‘ಶರಪಂಜರ’ವನ್ನು ಪಾಠಮಾಡುವಾಗ ಅದರ ವೈದ್ಯಕೀಯ ಸತ್ಯವನ್ನೂ ವಿವರಿಸಿದರೆ, ಅದೇ ಒಂದು ಆರಂಭ.

ಹೊಸೂರು ರಸ್ತೆಯ ಆಸ್ಪತ್ರೆಯು ಊರಾಚೆಗೆಂದು ಕಟ್ಟಿದ್ದು. ಇಂದು ಅದು ಊರ ನಡುವೆ ಇದೆ. ಜಯನಗರ ಅದರ ಪಕ್ಕಕ್ಕೆ ಬಂದಿತು. ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಹೆಸರಿನಿಂದಾದ ಬಿ.ಟಿ.ಎಂ. ಬಡಾವಣೆ ಅದರಾಚೆಗೆ ಬೆಳೆಯಿತು. ಆ ಬಡಾವಣೆಯಲ್ಲಿ, ಮನೆಗಳ ಸಾಲಿನ ನಡುವೆ, ನಿಮ್ಹಾನ್ಸ್ ಸಂಸ್ಥೆಯು ಮನಃಸ್ವಾಸ್ಥ್ಯಕ್ಕಾಗಿಯೇ ಒಂದು ಕೇಂದ್ರವನ್ನು ತೆರೆದಿದೆ. ದೊಡ್ಡ ಆಸ್ಪತ್ರೆಯ ಹೆಸರಿಗೆ ಅಳುಕುವವರೂ ಅಲ್ಲಿಗೆ ಬರಬಹುದು. ನಗರವು ಗೋಡೆಯನ್ನು ಸುತ್ತುವರಿದು ದಾಟಿಹೋಗಿದೆ. ನಮ್ಮ ವೈದ್ಯ ವಿದ್ಯಾರ್ಥಿಯ ಮನಸ್ಸೂ ಅದನ್ನು ದಾಟಬೇಕಾಗಿದೆ. ಅದಕ್ಕೆ ನೆರವಾಗುವುದು ಅವನಿಗೆ ಪಾಠ ಹೇಳುವ ನಮ್ಮೆಲ್ಲರ ಹೊಣೆ.